ಡಾಂಬರು ರಸ್ತೆಯ ಕಣ

ನಾನು ಡಿಗ್ರಿ ಮುಗಿಸುವುದಿಲ್ಲ ಎಂದು ಮೊದಲು ಹೇಳಿದವನು ನಮ್ಮ ಸೋದರಮಾವ ಪುಟ್ಟರಾಜು. ಬೇರೆಯವರೂ ಹೇಳಿರಬಹುದು, ನನ್ನ ಕಿವಿಗೆ ಬಿದ್ದದ್ದು ಅವನ ಮಾತು. ಪಟೇಲರ ಮನೆಯ ಒಕ್ಕಣೆ ಮಿಷನ್ ಓಡಿಸುವವನು ಅವನೇ. ನಾನು ಹಾಸನದ ಕಾಲೇಜಿಗೆ ಸೇರಿದ ವಾರ ನಮ್ಮ ಜಗುಲಿಯ ಮೇಲೆ ಕೂತು, ಎಲೆಅಡಿಕೆ ಮಡಚಿಕೊಳ್ಳುತ್ತಾ ಅವ್ವನಿಗೆ ಹೇಳಿದ: “ಪಟೇಲ್ರ ಮೊಮ್ಮಗಳು ರಶ್ಮಿ ಓದ್ತಾಳೆ ಕಣಕ್ಕ, ಓದ್ಲಿ. ನಮ್ಮುಡ್ಗಿ ಎರಡ್ನೇ ವರ್ಸಕ್ಕೆ ಉಳ್ಳಿ ಒಕ್ಕಾಕೆ ವಾಪಸ್ ಬತ್ತಾಳೆ. ಬೇಕಾದ್ರೆ ಬರ್ದಿಟ್ಕೋ.”

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾಳೆ ಬಿಸಿಲು ಬರುತ್ತದೆ ಅನ್ನುವ ಹಾಗೆ ಹೇಳಿದ. ನನ್ನನ್ನು ಉರಿಸಿದ್ದು ಅದೇ. ನನ್ನ ಹೆಸರೊಂದೇ ಎತ್ತಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮೊದಲು ಅವಳ ಹೆಸರು ಹೇಳಿ, ಆಮೇಲೆ ನನ್ನ ವಿಷಯಕ್ಕೆ ಬಂದ.

ಈಗ ನಾನು ಅರಕಲಗೂಡಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಹೋದ ಜನವರಿಯಲ್ಲಿ ರಜೆ ಹಾಕಿ ಊರಿಗೆ ಬಂದವಳು ಶಾಂತಿಗ್ರಾಮ ದಾಟಿ ನಮ್ಮ ಸ್ಟಾಪಿನಲ್ಲಿ ಇಳಿದೆ. ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯ ಮೇಲೆ ಯಾರೋ ಹುರುಳಿ ಹರಡಿದ್ದರು. ನಮ್ಮ ಬಾಯಲ್ಲಿ ಅದು ಹುಳ್ಳಿ. ಹಾಲಿನ ವ್ಯಾನೊಂದು ಅದರ ಮೇಲೆ ಹರಿದುಹೋಯಿತು. ಒಣಗಿದ ಕಾಯಿ ಚಟಪಟ ಒಡೆದವು. ಬಿಸಿ ಡಾಂಬರು, ಟೈರಿನ ರಬ್ಬರು, ಹುಳ್ಳಿ ಸೊಪ್ಪಿನ ಕಹಿ ಧೂಳು, ಮೂರೂ ಕಲಸಿದ ವಾಸನೆ ಮೂಗಿಗೆ ಹೊಡೆದಾಗ ಕೈಚೀಲ ಕೆಳಗಿಟ್ಟು ನಿಂತೇಬಿಟ್ಟೆ. ಡಿಗ್ರಿಯ ಕೊನೆಯ ವರ್ಷದ ಆ ಸುಗ್ಗಿ ನೆನಪಾಯಿತು. ಹೊಟ್ಟೆಯೊಳಗಿನ ಹಳೆಯ ಉರಿಯೂ ಹಾಗೇ ಇತ್ತು. ಹೋಗಿಲ್ಲ ಅದು.

ರಶ್ಮಿ ಮತ್ತು ನಾನು ಒಂದೇ ಊರು, ಒಂದೇ ತರಗತಿ. ಅವಳಿಗೆ ಸ್ಕೂಟರ್ ಇತ್ತು, ಲ್ಯಾಪ್‌ಟಾಪ್ ಇತ್ತು, ಫೋನಂತೂ ಸರಿ. ನಮ್ಮ ಮನೆಗೆಲ್ಲ ಸೇರಿ ಇದ್ದದ್ದು ಒಂದೇ ಫೋನು. ಅದು ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಸುಲಿಯುವ ಅಪ್ಪನ ಜೇಬಿನಲ್ಲಿರುತ್ತಿತ್ತು. ಬೆಳಿಗ್ಗೆ ನಾನು ಬಸ್ಸಿಗೆ ಕಾಯುವಾಗ ರಶ್ಮಿ ಸ್ಕೂಟರ್ ನಿಲ್ಲಿಸಿ ಬರುತ್ತೀಯಾ ಎಂದು ಕೇಳುತ್ತಿದ್ದಳು. ಬಸ್ ಪಾಸ್ ಇದೆ ಅನ್ನುತ್ತಿದ್ದೆ. ಅವಳು ಹೋದ ಮೇಲೆ ಮುಕ್ಕಾಲು ಗಂಟೆ ನಿಂತು, ಬಾಗಿಲಿಗೆ ಜೋತುಬಿದ್ದು ಹೋಗುತ್ತಿದ್ದೆ. ಅವಳು ಒಳ್ಳೆಯವಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

ಒಂದೇ ಒಂದು ಕಡೆ ನಾನು ಅವಳಿಗಿಂತ ಮುಂದಿದ್ದೆ. ಹಾಜರಿ ಪುಸ್ತಕದಲ್ಲಿ. ಅಕ್ಷರದ ಪ್ರಕಾರ ಭಾಗ್ಯ ಮೊದಲು, ರಶ್ಮಿ ಎಷ್ಟೋ ಹೆಸರುಗಳ ಆಮೇಲೆ. ಮೂರು ವರ್ಷ ದಿನಾ ಬೆಳಿಗ್ಗೆ ಇದನ್ನು ಕೇಳಿ ಖುಷಿಪಟ್ಟಿದ್ದೇನೆ ಎಂದರೆ ನಗಬೇಡಿ.

ಆ ವರ್ಷ ಇತಿಹಾಸದ ಮೇಡಂ ಎಲ್ಲರಿಗೂ ಒಂದೇ ಪ್ರಾಜೆಕ್ಟ್ ಕೊಟ್ಟರು. ಚಕ್ರ ಬಂದು, ಉಗಿಯಂತ್ರ ಬಂದು, ರೈಲು ಬಂದು ಜಗತ್ತು ಬದಲಾಯಿತು ಎಂದು ಪುಸ್ತಕದಲ್ಲಿ ಓದಿದ್ದೀರಿ, ಅದು ಅರ್ಧ ಮಾತ್ರ ಎಂದರು. ಯಂತ್ರ ಜನರನ್ನು ಬದಲಾಯಿಸುತ್ತದೆ, ಜನರೂ ಯಂತ್ರವನ್ನು ತಮಗೆ ಬೇಕಾದ ಹಾಗೆ ಬಗ್ಗಿಸಿಕೊಳ್ಳುತ್ತಾರೆ. ನಿಮ್ಮ ಊರಿಗೆ ಹೊಸದಾಗಿ ಬಂದ ಒಂದು ವಸ್ತು ಹಿಡಿಯಿರಿ, ಎರಡೂ ಕಡೆ ಬರೆಯಿರಿ, ಹಿರಿಯರನ್ನು ಕೇಳಿ ಬರೆಯಿರಿ. ಮೇಡಂ ಸಹಿ ಹಾಕಿದರೆ ಮಾತ್ರ ಅಂಕ. ಒಂದು ವಿಷಯದಲ್ಲಿ ಫೇಲಾದರೂ ಓದು ನಿಲ್ಲುತ್ತದೆ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ.

ರಶ್ಮಿ ಅಲ್ಲೇ ಕೈ ಎತ್ತಿ ತನ್ನ ವಿಷಯ ಹೇಳಿದಳು: ಊರಿಗೆ ಬಂದ ಮೊದಲ ಟ್ರ್ಯಾಕ್ಟರ್. ಅದು ಅವರ ಮನೆಯದೇ. ಟ್ರ್ಯಾಕ್ಟರಿಗೆ ಹೂವಿನ ಹಾರ ಹಾಕಿ ತೆಗೆಸಿದ ಫೋಟೋ ಅವರ ನಡುಮನೆಯಲ್ಲಿ ಇವತ್ತೂ ಇದೆ. ಇತಿಹಾಸ ಕೂಡ ಅವರ ಮನೆ ಬಾಗಿಲಿಗೇ ಬಂದು ನಿಲ್ಲಬೇಕೇ ಅನ್ನಿಸಿತು. ನಮ್ಮ ಮನೆಗೆ ಬಂದ ಯಂತ್ರವೆಂದರೆ ಒಂದು ಮಿಕ್ಸಿ, ಅದೂ ಕೆಟ್ಟಿತ್ತು.

ಆ ಭಾನುವಾರ ಅಜ್ಜಿಯ ಜೊತೆ ರಸ್ತೆಯಲ್ಲಿ ಹುಳ್ಳಿ ಹರಡುತ್ತಿದ್ದೆ. ಅಜ್ಜಿ ಅಂದರೆ ಅಪ್ಪನ ತಾಯಿ. ಎಪ್ಪತ್ತು ದಾಟಿದ್ದರೂ ಹುಳ್ಳಿ ಹೊರೆಯನ್ನು ನನಗಿಂತ ಬೇಗ ಬಿಚ್ಚುತ್ತಿದ್ದಳು. ನಮ್ಮ ಮನೆಗೆ ಯಾವ ಯಂತ್ರವೂ ಬರಲಿಲ್ಲ, ಏನು ಬರೆಯಲಿ ಎಂದು ಗೊಣಗಿದೆ. ಅಜ್ಜಿ ಕಾಲಿನಿಂದ ಸೊಪ್ಪು ಸರಿಸಿ ಡಾಂಬರು ತೋರಿಸಿದಳು.

“ಇದು ಬಂತಲ್ಲ. ಇದ್ಕಿಂತ ಇನ್ನೇನ್ ಬರ್ಬೇಕಿತ್ತು?”

ಅವತ್ತು ಹುಳ್ಳಿಯ ಮೇಲೆ ವಾಹನ ಹೋಗುವ, ಬರುವ ನಡುವೆ ಅಜ್ಜಿ ಎಲ್ಲ ಹೇಳಿದಳು. ಅವಳು ಮದುವೆಯಾಗಿ ಬಂದಾಗ ನಮಗೆ ಇದ್ದದ್ದು ಇಳಿಜಾರಿನ ಅರ್ಧ ಎಕರೆ. ಕಣ ಮಾಡಲು ಸಮತಟ್ಟು ನೆಲವಿಲ್ಲ, ತೆನೆಯ ಮೇಲೆ ಉರುಳಿಸುವ ರೋಣಗಲ್ಲು ಎಳೆಯಲು ಎತ್ತಿಲ್ಲ. ಊರಿನ ದೊಡ್ಡ ಕಣ ಪಟೇಲರದು. ಅದಕ್ಕೆ ಮಣ್ಣು ಮೆತ್ತಿ ಬಡಿಯುವವರು ನಮ್ಮವರು, ಬಳಿಯಲು ಸಗಣಿ ಹೊರುವವರು ನಮ್ಮವರು. ಬಳಿದು ಒಣಗಿದ ಮೇಲೆ, ಪಟೇಲರ ರಾಶಿ ಪೂಜೆ ಮುಗಿಯುವವರೆಗೆ ನಮ್ಮವರು ಒಳಗೆ ಕಾಲಿಡಬಾರದು. ಮೊದಲು ಪಟೇಲರ ರಾಗಿ, ಆಮೇಲೆ ಅವರ ದಾಯಾದಿಗಳದು, ಆಮೇಲೆ ಮಿಕ್ಕ ಊರಿನವರದು. ಎಲ್ಲ ಮುಗಿದು ಕಣ ಬಿರುಕು ಬಿಟ್ಟ ಮೇಲೆ ನಮ್ಮ ಸರದಿ. ಅಲ್ಲಿಯ ತನಕ ನಮ್ಮ ರಾಗಿ ಮೆದೆಯಲ್ಲೇ ಕಾಯಬೇಕು. ಒಂದು ವರ್ಷ ಹಾಗೆ ಕಾಯುವಾಗ ಸೈಕ್ಲೋನ್ ಮಳೆ ಹಿಡಿಯಿತು. ಮೆದೆಯೊಳಗೇ ತೆನೆ ಮೊಳೆಯಿತು.

“ಆ ವರ್ಸ ಪೂರ್ತಿ ಮೊಳಕೆ ರಾಗಿ ಇಟ್ಟು ಕಣವ್ವ. ಮುದ್ದೆ ಗಟ್ಟಿ ನಿಲ್ತಿರ್ಲಿಲ್ಲ, ಕೈಗೆ ಅಂಟ್ಕಳದು. ಸೀ ಅನ್ನದು. ನಿಮ್ಮಪ್ಪ ಚಿಕ್ಕವ್ನು, ಉಪ್ಪಾಕು ಅಂತ ಅಳ್ತಿದ್ದ.”

ಮಾರನೆಯ ವರ್ಷ ಅಜ್ಜಿ ಕಣಕ್ಕೆ ಕಾಯಲಿಲ್ಲ. ಆಗ ತಾನೇ ಡಾಂಬರು ಹಾಕಿದ್ದ ರಸ್ತೆಗೆ ಹುಳ್ಳಿ ಹೊತ್ತು ತಂದು ಹರಡಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಕೆಂಪು ಬಸ್ಸು ಬಂದು ನಿಂತಿತು. ಡ್ರೈವರ್ ಬೈದ, ಕಂಡಕ್ಟರ್ ಇಳಿದು ಕಾಲಲ್ಲಿ ಒದ್ದು ನೋಡಿದ, ಒಳಗಿದ್ದವರು ಸಂತೆಗೆ ಹೊತ್ತಾಗುತ್ತೆ ನಡೀರಿ ಎಂದು ಕೂಗಿದರು. ಬಸ್ಸು ಹರಿಯಿತು. ಎತ್ತು ಅರ್ಧ ದಿನ ತುಳಿಯುವುದನ್ನು ಅದು ಒಂದೇ ಸಲಕ್ಕೆ ಮಾಡಿತು. ವಾರ ಕಳೆಯುವಷ್ಟರಲ್ಲಿ ನಮ್ಮ ಬೀದಿಯೆಲ್ಲ ರಸ್ತೆಯಲ್ಲಿತ್ತು. ಒಬ್ಬ ಡ್ರೈವರ್ ಎಷ್ಟು ಒಳ್ಳೆಯವನೆಂದರೆ, ಮುಂದೆ ಹೋಗಿ, ರಿವರ್ಸ್ ಬಂದು, ಇನ್ನೊಂದು ಸಲ ಹರಿಸಿಕೊಟ್ಟು ಹೋಗುತ್ತಿದ್ದನಂತೆ. ಲಾರಿ ಬಂದರೆ ಅದರ ಗಾಳಿಗೇ ಹೊಟ್ಟು ಹಾರುತ್ತಿತ್ತು. ತೂರುವ ಕೆಲಸವೂ ತಪ್ಪಿತು.

ಆಮೇಲೆ ಪಟೇಲರಿಗೇ ಕಷ್ಟವಾಯಿತು. ಸುಗ್ಗಿ ಹೊತ್ತಿಗೆ ಆಳುಗಳೆಲ್ಲ ತಮ್ಮ ತಮ್ಮ ಹುಳ್ಳಿ, ರಾಗಿ ಎಂದು ರಸ್ತೆಯಲ್ಲಿ. ಕಣ ಬಳಿಯುವವರು ಸಿಗಲಿಲ್ಲ. ಒಂದು ವರ್ಷ ಅವರ ಹುಳ್ಳಿಯೂ ಗಾಡಿಯಲ್ಲಿ ಬಂತು. ನಮ್ಮದರ ಪಕ್ಕದಲ್ಲೇ, ನಡುವೆ ನಾಲ್ಕು ಕಲ್ಲಿಟ್ಟು ಹರಡಿದರು. ಅದೇ ಬಸ್ಸು ಎರಡರ ಮೇಲೂ ಹರಿಯಿತು. ಟ್ರ್ಯಾಕ್ಟರ್ ಬಂದದ್ದು, ಎತ್ತು ಮಾರಿದ್ದು, ಒಕ್ಕಣೆ ಮಿಷನ್ ಬಂದದ್ದು ಎಲ್ಲ ಅದಾದ ಮೇಲೆ.

ನಾನು ಪೊರಕೆ ಹಿಡಿದು ನಿಂತೇ ಇದ್ದೆ. ರಸ್ತೆ ಹಾಕಿಸಿದವರು ಇದನ್ನು ಕನಸಿನಲ್ಲೂ ಎಣಿಸಿರಲಾರರು. ವಾಹನ ಓಡಲಿ ಎಂದು ಅವರು ಹಾಕಿದರು. ಕಣವಿಲ್ಲದವರು ಅದನ್ನು ಕಣ ಮಾಡಿಕೊಂಡರು. ಮೇಡಂ ಕೇಳಿದ ಎರಡೂ ಕಡೆ ನನ್ನ ಕಾಲ ಕೆಳಗೇ ಇತ್ತು. ಹೆದ್ದಾರಿ ಅಗಲವಾದ ಮೇಲೆ ಸೊಪ್ಪಿನ ಮೇಲೆ ಬೈಕುಗಳು ಜಾರಿ ಜನ ಬಿದ್ದದ್ದೂ ಉಂಟು, ಪೊಲೀಸರು ಗದರಿದ್ದೂ ಉಂಟು. ಅದು ತಪ್ಪೇ. ಅದನ್ನೂ ಬರೆದೆ. ನಲವತ್ತು ಪುಟ, ನೀಲಿ ಇಂಕಿನಲ್ಲಿ, ಕೈಬರಹ.

ಮುಂದಿನ ವಾರ ರಶ್ಮಿ ನಮ್ಮ ಮನೆಗೆ ಬಂದಳು. ಟ್ರ್ಯಾಕ್ಟರ್ ಬರುವ ಮೊದಲು ಒಕ್ಕಣೆ ಹೇಗಿತ್ತೆಂದು ಕೆಲಸ ಮಾಡಿದವರ ಬಾಯಲ್ಲೇ ಕೇಳಬೇಕಿತ್ತು ಅವಳಿಗೆ. ಅಜ್ಜಿ ಸೆರಗಿನಿಂದ ಜಗುಲಿ ಒರೆಸಿದಳು. ರಶ್ಮಿ ಫೋನನ್ನು ಇಬ್ಬರ ನಡುವೆ ಇಟ್ಟು ರೆಕಾರ್ಡಿಂಗ್ ಒತ್ತಿದಳು. ಅಜ್ಜಿ ಅದನ್ನೊಮ್ಮೆ ನೋಡಿದಳು, ರಶ್ಮಿಯ ಮುಖ ನೋಡಿದಳು.

“ಪಟೇಲ್ರ ಕಣದಾಗೆ ಎಲ್ಲಾ ಒಂದೇ ಮನೇರಂಗೆ ಇದ್ವಿ ಅಮ್ಮಣ್ಣಿ. ನಮ್ಮ ರಾಗಿನೂ ಅಲ್ಲೇ ಒಕ್ಕಾಕೆ ಬಿಡೋರು. ಯಾವತ್ತೂ ಏನೂ ಕಮ್ಮಿ ಮಾಡ್ಲಿಲ್ಲ.”

ಅರ್ಧ ಗಂಟೆ ಹೀಗೇ ಸಾಗಿತು. ನನಗೆ ಯಾವತ್ತೂ ಹೇಳದ ರಾಶಿ ಪೂಜೆಯ ಹಾಡೊಂದನ್ನೂ ಅವಳಿಗೆ ಹೇಳಿದಳು. ನಾನು ಬಾಗಿಲಲ್ಲಿ ನಿಂತು ಕೇಳುತ್ತಿದ್ದೆ. ನನ್ನ ಅಜ್ಜಿ, ಅವಳ ದನಿ, ಅವಳ ಹಾಡು, ಎಲ್ಲ ಪಟೇಲರ ಮೊಮ್ಮಗಳ ಫೋನಿನೊಳಗೆ ಹೋಗುತ್ತಿತ್ತು. ನನ್ನ ಹತ್ತಿರ ಇದ್ದದ್ದು ನೀಲಿ ಇಂಕು.

ಅವಳು ಒಯ್ಯುತ್ತಿರುವುದು ನಿಜವಲ್ಲ ಎಂದು ನನಗೆ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಸುಳ್ಳನ್ನೇ ಕಟ್ಟಿಕೊಂಡು ಹೋಗಲಿ, ಚೆಂದದ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿಕೊಳ್ಳಲಿ ಎಂದು ಸುಮ್ಮನಿದ್ದೆ. ಆ ಸಂಜೆ ಮುದ್ದೆ ಬಹಳ ರುಚಿಯಾಗಿತ್ತು.

ಸೆಮಿನಾರಿನ ದಿನ ಹಾಜರಿ ಪ್ರಕಾರ ನನ್ನನ್ನು ಮೊದಲು ಕರೆದರು. ಓದಿದೆ. ಮೊಳಕೆ ರಾಗಿಯ ಮುದ್ದೆಯ ಭಾಗಕ್ಕೆ ಬಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿದರು. ರಶ್ಮಿ ತಲೆ ಬಗ್ಗಿಸಿ ಕೂತಿದ್ದಳು. ನನಗೆ ಖುಷಿಯಾಯಿತು. ಮಧ್ಯಾಹ್ನ ಅವಳ ಸರದಿ ಬಂತು. ಗೋಡೆಯ ಮೇಲೆ ಬಣ್ಣದ ಚಿತ್ರಗಳು. ನಂತರ ಸ್ಪೀಕರಿನಲ್ಲಿ ನನ್ನ ಅಜ್ಜಿಯ ದನಿ, ಕೋಣೆ ತುಂಬ: “ಯಾವತ್ತೂ ಏನೂ ಕಮ್ಮಿ ಮಾಡ್ಲಿಲ್ಲ.”

ಎಲ್ಲರೂ ನನ್ನ ಕಡೆ ತಿರುಗಿದರು. ಮೇಡಂ ನನ್ನ ಪುಸ್ತಕ ತೆರೆದು, ಮಾಹಿತಿ ಕೊಟ್ಟವರು ಎಂದು ನಾನು ಬರೆದಿದ್ದ ಹೆಸರು ನೋಡಿದರು. ಅದೇ ಅಜ್ಜಿ.

“ಒಬ್ಬರೇ ಹೇಳಿದ್ದು, ಎರಡು ಕತೆ,” ಎಂದರು. “ಒಂದು ಅವರ ದನಿಯಲ್ಲೇ ಇದೆ. ಇನ್ನೊಂದು ನಿನ್ನ ಕೈಬರಹದಲ್ಲಿದೆ. ಭಾಗ್ಯ, ನಾನು ಯಾವುದಕ್ಕೆ ಸಹಿ ಹಾಕಲಿ?”

ಒಂದು ವಾರ ಕೊಟ್ಟರು. ಅಷ್ಟರೊಳಗೆ ಆಧಾರ ತರದಿದ್ದರೆ ನಾನೇ ಕಟ್ಟಿ ಬರೆದದ್ದೆಂದು ತಿಳಿಯಬೇಕಾಗುತ್ತದೆ, ಅಂಕ ಸೊನ್ನೆ. ಮೇಡಂ ಕೆಟ್ಟವರಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಕೇಳುತ್ತಿದ್ದೆ. ಫೋನು ಅಜ್ಜಿಯ ದನಿಯನ್ನು ಚೂರೂ ಬಿಡದೆ ಹಿಡಿದಿತ್ತು. ಆ ದನಿ ಯಾರ ಮುಂದೆ ಕೂತು ಆಡಿದ್ದು ಎಂಬುದು ಮಾತ್ರ ಅದರೊಳಗೆ ಇರಲಿಲ್ಲ. ಇದನ್ನು ಮೇಡಂಗೆ ಹೇಗೆ ಹೇಳುವುದೆಂದು ಅವತ್ತು ನನಗೆ ತೋಚಲಿಲ್ಲ. ಬಸ್ಸಿನಲ್ಲಿ ಕೂತು ನೆನೆದದ್ದು ಮಾವನ ಮಾತು. ಎರಡನೇ ವರ್ಷ ಅಂದಿದ್ದ, ಮೂರನೇ ವರ್ಷದವರೆಗೆ ಬಂದಿದ್ದೆ, ಅಷ್ಟೇ ವ್ಯತ್ಯಾಸ.

ಕಾಲೇಜಿಗೆ ಬಂದು ಹೇಳು ಎಂದು ಅಜ್ಜಿಯನ್ನು ನಾಲ್ಕು ದಿನ ಬೇಡಿದೆ. ಜಗ್ಗಲಿಲ್ಲ. ದಿನಾ ಹಸುವಿಗೆ ಹುಲ್ಲು ತರುವುದು ಪಟೇಲರ ತೋಟದ ಬದುವಿನಿಂದ, ನಾಳೆ ಬರಬೇಡ ಅಂದರೆ ಎಲ್ಲಿಗೆ ಹೋಗಲಿ ಎಂದಳು. ನಿನ್ನ ಮಾತಿನಿಂದ ನನ್ನ ಡಿಗ್ರಿ ಹೋಗುತ್ತದೆ ಎಂದೆ. “ಹೋದ್ರೆ ಹೋಯ್ತು. ನಾಳೆ ನೀನು ಹಾಸ್ನಕ್ಕೋ ಎಲ್ಗೋ ಓಯ್ತೀಯ. ಇಲ್ಲಿರೋಳು ನಾನು,” ಅಂದವಳು ಒಳಗೆ ಹೋಗಿ ಮಲಗಿಬಿಟ್ಟಳು.

ಐದನೆಯ ದಿನ ಕಾಲೇಜಿಗೆ ಹೋಗದೆ ರಸ್ತೆಯಲ್ಲಿ ಕೊನೆಯ ಹೊರೆ ಹುಳ್ಳಿ ಹರಡುತ್ತಿದ್ದೆ. ರಶ್ಮಿಯ ಸ್ಕೂಟರ್ ಬಂದು ಸೊಪ್ಪಿನ ಅಂಚಿಗೆ ನಿಂತಿತು. ಯಾಕೆ ಬರಲಿಲ್ಲ ಎಂದು ಕೇಳಿದಳು. ಅಜ್ಜಿ ಇನ್ನೊಂದು ತುದಿಯಲ್ಲಿದ್ದಳು. ಮೂರು ವರ್ಷದ್ದೆಲ್ಲ ನನ್ನ ಬಾಯಿಗೆ ಬಂತು.

“ನಿಂಗೆ ಎಲ್ಲಾ ಇತ್ತಲ್ಲ ರಶ್ಮಿ. ಟ್ರ್ಯಾಕ್ಟರ್ ನಿಮ್ದು, ಕಣ ನಿಮ್ದು, ಲ್ಯಾಪ್‌ಟಾಪ್ ನಿಮ್ದು. ನಮ್ಮಜ್ಜಿ ಬಾಯಿನೂ ನಿಂಗೇ ಬೇಕಿತ್ತಾ? ನಿನ್ ಮುಂದೆ ಅವ್ಳು ನಿಜ ಹೇಳ್ತಾಳೆ ಅಂದ್ಕಂಡಿದ್ಯಾ?”

ಅವಳು ಬಿಳುಚಿಕೊಂಡಳು. ಹಾಗಾದರೆ ನೀನು ಓದಿದ್ದು ನಿಜವಾ ಎಂದಳು. ನಿಮ್ಮ ತಾತನನ್ನೇ ಕೇಳು ಎಂದೆ. ಸ್ಕೂಟರ್ ತಿರುಗಿಸಿಕೊಂಡು ಹೋದಳು. ಹೋದವಳು ಬರುವುದಿಲ್ಲ ಎಂದುಕೊಂಡೆ. ಯಾವ ಪಟೇಲರು ತಾನೇ ಮೊಮ್ಮಗಳ ಮುಂದೆ ಇದನ್ನು ಒಪ್ಪಿಕೊಳ್ಳುತ್ತಾರೆ?

ಒಂದು ಗಂಟೆಯೂ ಆಗಿರಲಿಲ್ಲ, ಬಂದಳು. ಫೋನು ಒತ್ತಿ ನನ್ನ ಮುಂದೆ ಹಿಡಿದಳು. ಪಟೇಲರ ದನಿ, ಕೆಮ್ಮು, ಆಮೇಲೆ ಯಾವ ಅಳುಕೂ ಇಲ್ಲದ ಮಾತು:

“ಮೊದ್ಲು ನಮ್ದು, ಆಮೇಲೆ ಅಣ್ತಮ್ಮಂದ್ರದು, ಆಮೇಲೆ ಊರೋರ್ದು. ಅವ್ರದು ಕಡೇಗೆ. ಕಣದ ಕ್ರಮವೇ ಅದಲ್ವಾ ಮಗ. ಉಂ, ಒಂದ್ವರ್ಸ ಅವ್ರ ರಾಗಿ ಮೊಳ್ತೋಯ್ತು. ಮಳೆ ಬಂದ್ರೆ ನಾವೇನ್ ಮಾಡಾಕಾಯ್ತದೆ?”

ಒಪ್ಪಿಕೊಂಡದ್ದೂ ಅಲ್ಲ ಅದು. ಮುಚ್ಚಿಡುವಂಥದ್ದು ಏನಿದೆ ಎಂದೇ ಅವರಿಗೆ ತಿಳಿದಿರಲಿಲ್ಲ. ಅಜ್ಜಿ ಯಾವಾಗ ಹತ್ತಿರ ಬಂದಳೋ ನೋಡಲಿಲ್ಲ. ಇನ್ನೊಂದು ಸಲ ಹಾಕು ಎಂದಳು. ಪೂರ್ತಿ ಕೇಳಿ, ಕೈಯ ಪೊರಕೆ ಕೆಳಗಿಟ್ಟಳು.

“ಅವ್ರೇ ಬಾಯ್ಬಿಟ್ಟು ಹೇಳವ್ರೆ. ಇನ್ನ ನಾನ್ಯಾತಕ್ಕೆ ಅವ್ರ ಮಾನ ಕಾಯ್ಲಿ? ನಾನೂ ಹೇಳ್ತೀನಿ, ಇಡಿ ಅದ್ನ.”

ರಶ್ಮಿ ಫೋನು ಅಜ್ಜಿಯ ಮುಂದೆ ಹಿಡಿದಳು. ಅಜ್ಜಿ ತಲೆ ಆಡಿಸಿದಳು. “ನಿನ್ ಕೈಲಿ ಬ್ಯಾಡ ಕಣಮ್ಮಣ್ಣಿ. ಇವ್ಳ ಕೈಗೆ ಕೊಡು. ನಿನ್ ಮಕ ನೋಡ್ಕಂಡು ನಂಗೆ ಹೇಳಾಕಾಗಲ್ಲ.”

ರಶ್ಮಿ ಸ್ಕೂಟರ್ ತಳ್ಳಿಕೊಂಡು ಹುಣಸೆಮರದ ತನಕ ಹೋಗಿ, ನಮಗೆ ಬೆನ್ನು ಮಾಡಿ ನಿಂತಳು. ಅವಳ ಫೋನು ನನ್ನ ಕೈಯಲ್ಲಿ ಬೆಚ್ಚಗಿತ್ತು. ಅಷ್ಟು ಒಳ್ಳೆಯ ಫೋನನ್ನು ನಾನು ಮುಟ್ಟಿದ್ದು ಅದೇ ಮೊದಲು. ಅಜ್ಜಿ ಸಗಣಿ ಹೊತ್ತದ್ದರಿಂದ ಹಿಡಿದು ಮೊದಲ ಬಸ್ಸಿನವರೆಗೆ ಹೇಳಿದಳು. ನಡುವೆ ಟೆಂಪೋವೊಂದು ಹುಳ್ಳಿಯ ಮೇಲೆ ಹರಿದ ಚಟಪಟವೂ ಅದರೊಳಗೆ ಸೇರಿತು.

ಮೇಡಂ ಎರಡನ್ನೂ ಕೇಳಿ ನನ್ನ ಪುಸ್ತಕಕ್ಕೆ ಸಹಿ ಹಾಕಿದರು. ಪೆನ್ನಿನ ಮುಚ್ಚಳ ಹಾಕುತ್ತಾ, ತನ್ನ ಮನೆಯ ಮಾತನ್ನು ತಾನೇ ತಂದು ಮುಂದಿಡಲು ಧೈರ್ಯ ಬೇಕು ಎಂದು ರಶ್ಮಿಯ ಬೆನ್ನು ತಟ್ಟಿದರು. ನನಗೆ ಸಹಿ, ಅವಳಿಗೆ ಮೆಚ್ಚುಗೆ. ನಿಜ ಹೇಳುತ್ತೇನೆ, ಸ್ಕೂಟರಿಗೂ ಲ್ಯಾಪ್‌ಟಾಪಿಗೂ ಪಟ್ಟದ್ದಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ಅವತ್ತು ಪಟ್ಟೆ. ನಾನು ನಾಲ್ಕು ದಿನ ಬೇಡಿದರೂ ತೆರೆಯದ ಬಾಯಿ ಪಟೇಲರ ಎರಡು ಮಾತಿಗೆ ತೆರೆಯಿತು. ಒಳ್ಳೆಯವಳಾಗುವ ಅವಕಾಶವೂ ಅವಳಿಗೇ ಸಿಕ್ಕಿತು. ಸುಳ್ಳು ಎಂದು ಗೊತ್ತಿದ್ದೂ ಬಾಗಿಲಲ್ಲಿ ಸುಮ್ಮನೆ ನಿಂತವಳು ನಾನು. ಅದನ್ನು ಅವಳಿಗೆ ಇವತ್ತಿನವರೆಗೂ ಹೇಳಿಲ್ಲ.

ಪಾಸಾದೆ. ಫಸ್ಟ್ ಕ್ಲಾಸ್. ಸರ್ಟಿಫಿಕೇಟ್ ಕೊಡುವ ದಿನ ಕಾಲೇಜಿನ ಸಭಾಂಗಣದಲ್ಲಿ ಪ್ರಿನ್ಸಿಪಾಲರು ಒಬ್ಬೊಬ್ಬರನ್ನೇ ಕರೆದು ಕೈಗೆ ಕೊಟ್ಟರು. ಅದನ್ನು ಎದೆಗೆ ಅವುಚಿಕೊಂಡು ಬಸ್ಸಿನಲ್ಲಿ ಊರಿಗೆ ಬಂದೆ. ಮಾವ ಜಗುಲಿಯ ಮೇಲಿದ್ದ. ತೆಗೆದುಕೊಂಡು ನೋಡಿದ, ತಿರುಗಿಸಿ ಹಿಂದುಗಡೆಯೂ ನೋಡಿದ. ಹಿಂದೆ ಏನೂ ಬರೆದಿರಲಿಲ್ಲ. ಎಲೆಅಡಿಕೆ ಉಗಿದು ಬರುತ್ತೇನೆಂದು ಎದ್ದು ಹೋದ.

ಅಜ್ಜಿಯ ಕೈಗೆ ಕೊಟ್ಟೆ. ಕೈ ಸೀರೆಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಹಿಡಿದಳು. ಓದು ಬರದವಳು, ಅಕ್ಷರಗಳ ಮೇಲೆ ಬೆರಳಾಡಿಸಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.

“ಆ ಉಡ್ಗಿಗೂ ಕೊಟ್ರಾ?”

“ಕೊಟ್ರು ಕಣಜ್ಜಿ. ಇಂಥದ್ದೇ.”

“ಯಾರ್ಗೆ ಮೊದ್ಲು ಕೊಟ್ಟಿದ್ದು?”

“ನಂಗೆ. ಹೆಸರಿನ ಅಕ್ಷರದ ಪ್ರಕಾರ ಕರೀತಾರೆ, ಅದ್ಕೆ.”

ಅಜ್ಜಿ ಅದನ್ನು ಮಡಿಲಲ್ಲಿಟ್ಟುಕೊಂಡು ರಸ್ತೆಯ ಕಡೆ ತಿರುಗಿದಳು.

“ಯಾತರ ಪ್ರಕಾರನಾರಾ ಆಗ್ಲಿ. ಮೊದ್ಲು ನಿಂಗೆ ಕೊಟ್ರಲ್ಲ.”